ಬಂಡೆ ಮಣ್ಣಾಗುವ ತನಕ

ಒಡಹುಟ್ಟಿದ ತಂಗಿಯೇ ತನ್ನ ಮಗಳ ಮದುವೆಗೆ ಕುಂಕುಮ ಕೊಟ್ಟು ಕರೆಯದೆ, ಬೀದಿಯಲ್ಲಿ ಬಾಯಿಮಾತಿಗೆ ಕರೆದಳೆಂದು ಅಜ್ಜಿಗೆ ಸಿಟ್ಟು ಬಂದಿತ್ತು. ಎರಡು ಮನೆಗಳ ನಡುವಿನ ಬಂಡೆ ತೋರಿಸಿ ಆಣೆ ಮಾಡಿದ್ದಳು: "ಅದು ಮಣ್ಣಾಗೋ ತನಕ ನಿನ್ನ ಹೊಸ್ತಿಲು ತುಳಿಯಲ್ಲ." ತಂಗಿಯೂ ಸೋಲದೆ ಅದೇ ಆಣೆ ಮಾಡಿದಳು. ಅದಾಗಿ ಮೂವತ್ತು ವರ್ಷ.

ಭೂವಿಜ್ಞಾನ ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದವಳು ಸುತ್ತಿಗೆ ಹಿಡಿದು ಬಂಡೆಯ ಹತ್ತಿರ ಹೋದಳು. ಸುತ್ತಿಗೆ ಬೇಕಾಗಲೇ ಇಲ್ಲ. ಅಡುಗೆಮನೆಗೆ ಓಡಿಬಂದು ಅಂಗೈ ಚಾಚಿದಳು.

"ಅಜ್ಜಿ, ನಿನ್ನ ಆಣೆ ಮುಗೀತು! ನೋಡು, ಉಗುರಲ್ಲಿ ಕೆರೆದರೆ ಬರುತ್ತೆ. ಸಾವಿರಾರು ವರ್ಷದಿಂದ ಮಳೆನೀರು ಇಳಿದೂ ಇಳಿದೂ ಕಲ್ಲು ಇದ್ದಲ್ಲೇ ಜೇಡಿಮಣ್ಣಾಗಿದೆ. ಕಲ್ಲಿನ ಪಟ್ಟೆಗಳು ಮಾತ್ರ ಹಾಗೇ ಉಳಿದಿವೆ, ಅದಕ್ಕೇ ನೋಡೋಕೆ ಇನ್ನೂ ಬಂಡೆ ಥರ ಕಾಣುತ್ತೆ. ನೀವು ಜಗಳ ಆಡಿದಾಗಲೂ ಅದು ಮಣ್ಣೇ!"

ಒಲೆ ಸಾರಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. "ಗೊತ್ತು ಕಣೇ."

"ಗೊತ್ತಾ? ಮತ್ತೆ ಚಿಕ್ಕಜ್ಜಿಗೆ ಯಾಕೆ ಹೇಳಲಿಲ್ಲ?"

ಅಜ್ಜಿ ಅವಳ ಅಂಗೈಯ ಮಣ್ಣನ್ನು ಸಾರಣೆಯ ಬೋಗುಣಿಗೆ ಉದುರಿಸಿಕೊಂಡಳು.

"ಅವಳಿಗೇನು ಗೊತ್ತಿಲ್ವಾ? ಅವಳ ಒಲೆಗೂ ಇದೇ ಮಣ್ಣು. ಆಣೆ ಮಾಡೋಕೆ ಮುಂಚೆ ಇಬ್ಬರೂ ಒಂದೇ ಬುಟ್ಟೀಲಿ ತರ್ತಿದ್ವಿ. ಈಗ ನಾನು ಬೆಳಿಗ್ಗೆ ಹೋಗ್ತೀನಿ, ಅವಳು ಸಂಜೆ."