ದಿಲ್ಲಿಗೆ ಒಂದೇ ಸೀಟು

“ಅಮ್ಮಾ, ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಪೈಲಟ್‌ಗಳು ಬೆಳಗಿನಿಂದ ಮುಷ್ಕರಕ್ಕೆ ಕೂತಿದ್ದಾರೆ, ನಾನೇನು ಮಾಡ್ಲಿ?” ಎಂದ ಕೌಂಟರಿನಲ್ಲಿದ್ದ ಮ್ಯಾನೇಜರ್.

“ನಾಕ್ ತಿಂಗಳಿಂದ ಪಗಾರ ಇಲ್ಲಂತ, ಕುಂತಾರ. ಪಗಾರ ಕೊಡಾಕ ಆಗದ ಕಂಪನಿ ನನಗ ಟಿಕೆಟ್ ಯಾಕ ಮಾರಿತು?” ಆಕೆಯ ದನಿಗೆ ಹಿಂದಿದ್ದ ಸಾಲೆಲ್ಲ ಕತ್ತು ಚಾಚಿ ನೋಡಿತು. “ನಾಳೆ ಮುಂಜಾನೆ ದಿಲ್ಲಿಯೊಳಗ ನನ್ನ ತಮ್ಮನ ಆಪರೇಷನ್ ಐತಿ. ಅವಂಗ ಹಾಕೋ ಕಿಡ್ನಿ ಇಲ್ಲೇ ನಿನ್ನ ಮುಂದ ನಿಂತೈತಿ ನೋಡಪಾ!”

ಮ್ಯಾನೇಜರ್ ತಲೆ ತಗ್ಗಿಸಿದ.

“ಇನ್ನೊಂದು ಕಂಪನಿ ವಿಮಾನ ದಿಲ್ಲಿಗೆ ಹೊಂಟೈತಲ್ಲ, ಅದರಾಗ ಕೂಡಿಸು.”

“ಅದರಲ್ಲಿ ನಮ್ಮ ಪ್ರಯಾಣಿಕರಿಗೆ ಅಂತ ಕೊಟ್ಟಿದ್ದೇ ಒಂದು ಸೀಟು ಅಮ್ಮಾ. ನಿಮಗಿಂತ ತುರ್ತು ಇದ್ದೋರಿಗೆ ಕೊಟ್ಬಿಟ್ಟೆ.”

“ಕಿಡ್ನಿಗಿಂತ ತುರ್ತು ಯಾರದಪಾ?”

“ಅದನ್ನ ಹೇಳೋ ಹಾಗಿಲ್ಲ.”

“ನಿನ್ನ ಹೆಸರಾರ ಹೇಳು. ದೂರು ಬರೀತೀನಿ.”

“ವಿದ್ಯಾಧರ ಪಡಿಯಾರ್. ಬರೀರಿ ಅಮ್ಮಾ. ನನಗೂ ನಿಮ್ಮಷ್ಟೇ ಸಂಕಟ.” ಅವನು ಕೈಮುಗಿದ. “ಇರಿ, ಮೇಲಿನವರ ಹತ್ರ ಮಾತಾಡಿ ಬರ್ತೀನಿ” ಎಂದು ಒಳಗೆ ಹೋದ.

ಆಕೆ ಟಿಕೆಟ್ಟಿನ ಹಿಂದೆ ಆ ಹೆಸರು ಬರೆದುಕೊಂಡು ಕಾದಳು. ಅರ್ಧ ಗಂಟೆ ಕಳೆಯಿತು. ಮುಗಿದ ಆ ಕೈಗಳು ನೆನಪಾಗಿ, ಪಾಪ, ಅವಂಗೂ ಪಗಾರ ಇಲ್ಲೇನೋ ಅನ್ನಿಸಿತು. ಹೆಸರು ಹೊಡೆದುಹಾಕಲು ಪೆನ್ನು ಎತ್ತಿದಳು.

ಅಷ್ಟರಲ್ಲಿ ಮೈಕು ಗೊರಗುಟ್ಟಿತು.

“ದಿಲ್ಲಿಗೆ ಹೊರಡುವ ವಿಮಾನಕ್ಕೆ ಇದು ಕೊನೆಯ ಕರೆ. ಪ್ರಯಾಣಿಕ ವಿದ್ಯಾಧರ ಪಡಿಯಾರ್ ಕೂಡಲೇ ಎರಡನೇ ಗೇಟಿಗೆ ಬರಬೇಕು.”