ಎರಡು ಪಾತಿಗಳ ಬೋರ್ಡು

ಬೋರ್ಡು ಸಲೀಸಾಗಿ ಕಿತ್ತು ಬಂತು. ಇಷ್ಟು ಸಡಿಲವಾಗಿ ಯಾರು ನೆಟ್ಟರೋ ಎಂದುಕೊಂಡು ಅವಳು ಪಕ್ಕದ ಪಾತಿಯದನ್ನೂ ಕಿತ್ತಳು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಒಂದೇ ಅಳತೆ, ಒಂದೇ ಬಿಳಿ ಬಣ್ಣ. ಒಂದರ ಮೇಲೆ 'ಗೊಬ್ಬರ ಹಾಕಿದ್ದು' ಅಂತಲೂ ಇನ್ನೊಂದರ ಮೇಲೆ 'ಹಾಕದ್ದು' ಅಂತಲೂ ಬರೆದಿದೆಯಂತೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಓದುವಂಥದ್ದೇನಿದೆ? ಅಲ್ಲಿಯದು ಇಲ್ಲಿ, ಇಲ್ಲಿಯದು ಅಲ್ಲಿ.

ಗೊಬ್ಬರ ಉಂಡ ಪಾತಿಯ ಪೈರು ಹಳದಿ ತಿರುಗಿ ಬಾಗಿತ್ತು. ಗೊಬ್ಬರವನ್ನೇ ಕಾಣದ ಪಾತಿ ನಳನಳಿಸುತ್ತಿತ್ತು. ಈ ಗೊಬ್ಬರಕ್ಕೆ ಕಂದು ಕಲ್ಲಿದ್ದಲನ್ನು ಪುಡಿ ಮಾಡಿ, ಕ್ಷಾರದ ನೀರಿನಲ್ಲಿ ನೆನೆಹಾಕಿ, ಅದರ ಉರಿ ಇಳಿಯುವವರೆಗೆ ಕಾದು, ಆಮೇಲೆ ಖನಿಜ ಬೆರೆಸಿ ಹರಳು ಕಟ್ಟಬೇಕು. ಈ ಸಲ ಕಾರ್ಖಾನೆಯ ಧಣಿಗೆ ಅಷ್ಟು ದಿನ ಕಾಯಲಾಗಲಿಲ್ಲ.

"ಬೆರೆಸಯ್ಯಾ, ಅದೇನು ಬಾಣಂತೀನಾ, ಮಲಗಿಸಿ ಇಟ್ಕೊಳ್ಳೋಕೆ?" ಎಂದು ಬೆರೆಸುವ ಕೆಲಸದಲ್ಲಿದ್ದ ಅವಳ ಮಾವನ ಮೇಲೆ ರೇಗಿದ್ದ. ಆಮೇಲೆ ಪಾತಿಗಳ ಕಡೆ ಸುಳಿದಿರಲಿಲ್ಲ.

ಇವತ್ತು ಸಗಟು ಕೊಳ್ಳುವವರು ನೋಡಲು ಬರುತ್ತಿದ್ದರು. ಅವರು ಒಪ್ಪದಿದ್ದರೆ ಕಾರ್ಖಾನೆಗೆ ಬೀಗ. ವಾಸದ ಮನೆಯೂ ಕಾರ್ಖಾನೆಯದೇ. ಗಂಡ ಸತ್ತ ಮೇಲೆ ಅವಳಿಗೆ ಹೆದರಿಕೆ, ನಾಚಿಕೆ ಒಂದೂ ಸರಿಯಾಗಿ ತಟ್ಟುತ್ತಿರಲಿಲ್ಲ. ಬೋರ್ಡುಗಳನ್ನು ಊರಿ, ಕೈ ತೊಳೆದು, ಹೋಗಿ ಒಲೆ ಹಚ್ಚಿದಳು.

ಮೈದುನ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ. "ಬೆಳಬೆಳಿಗ್ಗೆ ಎಲ್ಲಿಗೆ ಸವಾರಿ ಅತ್ತಿಗೆ? ಕಾಲೆಲ್ಲಾ ಕೆಸರು."

"ನೀರು ಬಿಡೋಕೆ."

"ಬಿಡಿ, ಬಿಡಿ. ಆ ಪಾತಿಗೆ ಕಾಮಾಲೆ ಹಿಡಿದಿದೆ. ಅಂಥ ಗೊಬ್ಬರ ಕಂಡೋರ ತಲೆಗೆ ಕಟ್ಟೋದಕ್ಕಿಂತ ಬೀಗ ಹಾಕೋದೇ ವಾಸಿ."

"ಬೀಗ ಹಾಕಿದ್ರೆ ಮಲಗೋದೆಲ್ಲಿ? ನಿನ್ನ ತಲೆ ಮೇಲಾ?"

ಅವನು ನಕ್ಕ. ಮಾವ ಮೂಲೆಯಲ್ಲಿ ಕೂತು ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದರು.

ಕೊಳ್ಳುವವರು ಬಂದರು. ಅವಳು ಹೆಂಗಸರ ಜೊತೆ ಚೀಲ ಹೊಲಿಯುತ್ತಾ ಕಿಟಕಿಯಿಂದ ನೋಡಿದಳು. ಒಬ್ಬ ಹಳದಿ ಪಾತಿಯ ಬೋರ್ಡಿಗೆ ಬಗ್ಗಿ ಜೋರಾಗಿ ಓದಿದ.

"ಗೊಬ್ಬರ ಹಾಕಿದ್ದು! ಅಲ್ಲಾ ಸ್ವಾಮಿ, ಹಾಕದೇ ಇದ್ದಿದ್ರೆ ಬದುಕ್ತಿತ್ತಲ್ರೀ ಪಾಪ."

ಅವಳ ಕೈಯ ದಬ್ಬಣ ನಿಂತಿತು. ಹೊರಗೆ ನಗು. ಕಾರುಗಳು ಹೊರಟುಹೋದವು. ಮಧ್ಯಾಹ್ನ ಧಣಿ ಎಲ್ಲರನ್ನೂ ಹೊರಗೆ ಕಳಿಸಿ ತಾನೇ ಬೀಗ ಜಡಿದ.

ಬೋರ್ಡುಗಳನ್ನು ಯಾರೋ ಮತ್ತೆ ಅದಲು ಬದಲು ಮಾಡಿರಬೇಕು. ಅವಳ ಕಾಲಿನ ಕೆಸರು ನೋಡಿದವನು ಮೈದುನನೊಬ್ಬನೇ.

"ಬೋರ್ಡು ತಿರುಗಿಸಿದ್ದು ನೀನೇ," ಎಂದಳು. ಸ್ವರ ಏರಲಿಲ್ಲ.

"ಯಾವ ಬೋರ್ಡು ಅತ್ತಿಗೆ?" ಮೈದುನ ಕಣ್ಣು ಕಣ್ಣು ಬಿಟ್ಟ.

"ಬೀಗ ಹಾಕಿಸಿದೆಯಲ್ಲ, ತೃಪ್ತಿ ಆಯ್ತಾ? ಹೊರಡು. ನನ್ನ ಕೈಯಿಂದ ಇನ್ನು ನಿನಗೆ ಅನ್ನ ಇಲ್ಲ."

ಅವನು ಅಪ್ಪನ ಮುಖ ನೋಡಿದ. ಅಪ್ಪ ತಲೆ ಎತ್ತಲಿಲ್ಲ. ಚೀಲ ಹೆಗಲಿಗೇರಿಸಿ, ರಸ್ತೆಯ ತಿರುವಿನಲ್ಲಿ ಒಮ್ಮೆ ನಿಂತು, ಹೊರಟುಹೋದ. ಅವಳಿಗೆ ಏನೂ ಅನಿಸಲಿಲ್ಲ. ಪಾತ್ರೆಗಳನ್ನು ಮೂಟೆ ಕಟ್ಟತೊಡಗಿದಳು.

ಕೊನೆಯ ಮೂಟೆಗೆ ಹಗ್ಗ ಕೊಡುತ್ತಾ ಮಾವ ಹೇಳಿದರು. "ನೀನು ಏಳೋಕೂ ಮುಂಚೆ ಹೋಗಿ ಆ ಬೋರ್ಡುಗಳನ್ನ ಅದಲು ಬದಲು ಮಾಡಿ ಬಂದಿದ್ದೆ ಕಣಮ್ಮ; ಅದನ್ನ ವಾಪಸ್ ತಿರುಗಿಸೋಕೆ ಅವನಿಗೆ ಮನಸ್ಸಾದ್ರೂ ಹೇಗೆ ಬಂತು?"