ವೈ ಒತ್ತುವ ಮುನ್ನ

ಕಪ್ಪು ಪರದೆಯ ಮೇಲೆ ಪ್ರಶ್ನೆಯೊಂದು ಬಂದು ನಿಂತಿತು. ಮುಂದುವರಿಸಬೇಕೇ? ಹೌದಾದರೆ ವೈ, ಬೇಡವಾದರೆ ಎನ್. ಕುಮಾರಿ ಕೀಬೋರ್ಡಿನಿಂದ ಎರಡೂ ಕೈ ಎತ್ತಿಬಿಟ್ಟಳು.

"ಒತ್ತಮ್ಮ ವೈ," ಎಂದರು ಗುರುಪಾದಸ್ವಾಮಿ. ಚಾಮರಾಜನಗರದ ಕಾಲೇಜೊಂದು ಕೈಬಿಟ್ಟ ಹಳೇ ಸರ್ವರ್ ಕಂಪ್ಯೂಟರನ್ನು ಗುಂಡ್ಲುಪೇಟೆಯ ಈ ಹೆಣ್ಣುಮಕ್ಕಳ ಓದುಬಳಗಕ್ಕೆ ಗೂಡ್ಸ್ ಆಟೋದಲ್ಲಿ ತಂದವರು ಅವರೇ. ಅವರ ಷರತ್ತು ಒಂದೇ: ಪ್ರೋಗ್ರಾಮ್ ಬರೆಯಲು ಬೇಕಾದ ಜಾವಾವನ್ನು ಬಳಗದವರೇ ಅದರಲ್ಲಿ ಹಾಕಿ ತೋರಿಸಬೇಕು. ಸಂಜೆಯೊಳಗೆ ಆಗದಿದ್ದರೆ ಸರ್ವರ್ ವಾಪಸ್ ಆಟೋ ಏರುತ್ತದೆ. ಮೌಸಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ ಕುಟ್ಟಿ ಆಜ್ಞೆ ಕೊಡಬೇಕು. ಕುಮಾರಿಗೆ ಇದು ಮೊದಲ ಸಲ. ಬೆಳಗಿನಿಂದ ತಪ್ಪು ಕುಟ್ಟಿ ಕುಟ್ಟಿ, ಈಗಷ್ಟೇ ಒಂದು ಸಾಲು ಸರಿಯಾಗಿತ್ತು.

"ಒತ್ತಕ್ಕಾಗಲ್ಲ ಸಾರ್. ಎಲ್ಲಾರ್ನೂ ಕೇಳ್ಬೇಕು."

"ಕೇಳೋದೇನಮ್ಮ? ಕಂಪ್ಯೂಟರ್ ಎಲ್ಲದಕ್ಕೂ ಹಿಂಗೇ ಕೇಳ್ತದೆ. ಸುಮ್ನೆ ಒತ್ತೋದು."

"ಸುಮ್ನೆ ಒತ್ತಿದ್ದಕ್ಕೇ ಸಾರ್ ನಮ್ಮ ಕೇರಿ ಭವನ ಗೊಬ್ಬರದ ಗೋಡೌನ್ ಆಗಿದ್ದು. ಯಾವನೋ ಒಬ್ಬ ಎಲ್ಲಾರ ಪರವಾಗಿ ಹೆಬ್ಬೆಟ್ಟು ಒತ್ತಿದ್ದ. ಅವತ್ತಿಂದ ನಮ್ಮಲ್ಲಿ ಒಬ್ರೇ ಹೂಂ ಅನ್ನಂಗಿಲ್ಲ."

ರಸ್ತೆಯಾಚೆಯ ಚೆಂಡುಹೂವಿನ ಹೊಲಕ್ಕೆ ಕೂಗು ಹೋಯಿತು. ಹೂ ಕೀಳುತ್ತಿದ್ದ ಬಳಗದ ಹೆಂಗಸರು ಮಂಕರಿ ಇಳಿಸಿ ಬಂದು ಕೋಣೆ ತುಂಬಿದರು. ಗುರುಪಾದಸ್ವಾಮಿ ಕೈಗಡಿಯಾರ ನೋಡಿಕೊಂಡರು.

ಎಲ್ಲರಿಗಿಂತ ಹಿರಿಯರಾದ ಮಲ್ಲಿಗಮ್ಮ ಪರದೆಯನ್ನು ದಿಟ್ಟಿಸಿದರು. "ಇದೇ ಕೇಳ್ತಾ ಅದಾ ಕಣಮ್ಮಿ, ನಮ್ಮನ್ನ?"

"ಹೂಂ ಕಣತ್ತೆ. ನೀವು ಸರಿ ಅಂದ್ರೇನೇ ಒಳಕ್ ಬತ್ತೀನಿ ಅಂತದೆ."

"ಪರ್ವಾಗಿಲ್ಲ, ಓಟು ಕೇಳಕ್ ಬರೋರ್ಗಿಂತ ಮರ್ವಾದಸ್ತ." ಕೋಣೆ ನಕ್ಕಿತು. ಮಲ್ಲಿಗಮ್ಮ ನಗಲಿಲ್ಲ. "ಆಮ್ಯಾಕೆ ಬ್ಯಾಡ ಅನ್ಸುದ್ರೆ ತೆಗೀಬೋದಾ?"

ಕುಮಾರಿ ಗುರುಪಾದಸ್ವಾಮಿಯವರ ಮುಖ ನೋಡಿದಳು. "ಒಂದೇ ಸಾಲು ಬರೆದ್ರೆ ಹೋಗ್ತದೆ," ಎಂದರು ಅವರು, ಸೋತ ದನಿಯಲ್ಲಿ.

"ಅಂಗಾದ್ರೆ ಸರಿ. ಯಾರ್ನೇ ಆಗ್ಲಿ, ಕೂರ್ಸೋಕ್ ಮುಂಚೆ ಇಳ್ಸೋದ್ ಎಂಗೆ ಅಂತ ತಿಳ್ಕಂಡಿರ್ಬೇಕು. ಎತ್ರಮ್ಮ ಕೈಯ."

ಕೈಗಳೆದ್ದವು. ಕುಮಾರಿ ವೈ ಒತ್ತಿದಳು. ಮಂಕರಿ ಬೋರಲು ಹಾಕಿದಾಗ ಹೂ ಸುರಿಯುವಂತೆ ಅಕ್ಷರಗಳು ಸುರಿದವು, ಸುರಿದು ನಿಂತವು. ಜಾವಾ ಒಳಗೆ ಬಂತೇ ಎಂದು ಕೇಳುವ ಕೊನೆಯ ಆಜ್ಞೆಯನ್ನು ಅವಳು ಕುಟ್ಟಿದಳು. ಜಾವಾ ತನ್ನ ಹೆಸರು, ನಂಬರು ಎರಡನ್ನೂ ಹೇಳಿತು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ತಿರುಗಿ ನೋಡಿದರೆ, ಮಲ್ಲಿಗಮ್ಮ.

ಅಷ್ಟರಲ್ಲಿ ಆಟೋದವನು ಹೊರಗಿನಿಂದ ಕೂಗಿದ. "ಸಾರ್, ಕತ್ಲಾಯ್ತದೆ. ಏರ್ಸನಾ ಸರ್ವರ್ರ?"

"ತಡೀಲಾ," ಎಂದರು ಮಲ್ಲಿಗಮ್ಮ. "ಅದ್ನೂ ಕೇಳ್ಬುಡನ. ಮಿಷನ್ನು ಇಲ್ಲೇ ಇರ್ಲಿ ಅನ್ನೋರು?"

ಹೂವಿನ ಹಳದಿ ಹತ್ತಿದ ಕೈಗಳು ಒಟ್ಟಿಗೆ ಮೇಲೆದ್ದವು. ಅವುಗಳ ನಡುವೆ ಗಡಿಯಾರ ಕಟ್ಟಿದ, ಕಲೆಯಿಲ್ಲದ ಕೈಯೊಂದೂ ಎದ್ದಿತ್ತು. ಮಲ್ಲಿಗಮ್ಮ ಅದನ್ನು ಬೆರಳ ತುದಿಯಿಂದ ತೋಳಿನವರೆಗೆ ನೋಡಿದರು.

"ನೀವು ಮೆಂಬರಲ್ಲ ಸಾಮಿ. ಇಳ್ಸಿ."